ಇನ್‌ಸ್ಪೆಕ್ಟರ್ ಸಾಹೇಬರ ಟಿಫಿನ್ ಡಬ್ಬಿ

ಮೊಮ್ಮಗ ಶಾಲೆಯಿಂದ ತಂದು ಚೀಲದಲ್ಲೇ ಮರೆತಿದ್ದ ಡಬ್ಬಿಯ ಮುಚ್ಚಳವನ್ನು ಇವತ್ತು ಬೆಳಿಗ್ಗೆ ತೆಗೆದೆ. ಹುಳಿ ನಾತ ಗಪ್ಪೆಂದು ಮೂಗಿಗೆ ಹೊಡೆಯಿತು. ಆ ನಾತಕ್ಕೆ ನನ್ನ ಮಟ್ಟಿಗೆ ಒಂದೇ ಹೆಸರು: ಫುಡ್ ಇನ್‌ಸ್ಪೆಕ್ಟರ್.

ಖಾನಾಪುರದಲ್ಲಿ ನಮ್ಮವ್ವ ಹಾಲು ಬತ್ತಿಸಿ ಸಿಹಿ ಕುಂದಾ ಮಾಡಿ ಮಾರುತ್ತಿದ್ದಳು. ಲೈಸೆನ್ಸ್ ನವೀಕರಣ ಹತ್ತಿರ ಬಂತೆಂದರೆ ಬೆಳಗಾವಿಯಿಂದ ಸಾಹೇಬರು ಬಂದಿಳಿಯುತ್ತಿದ್ದರು. ಲ್ಯಾಬಿಗೆ ಕಳಿಸುವ ಸ್ಯಾಂಪಲ್ಲನ್ನು ಮೂರು ಬಾಟಲಿಗೆ ತುಂಬಿ ಅರಗಿನ ಮುದ್ರೆ ಒತ್ತಬೇಕೆಂಬುದು ಕಾಯ್ದೆ. ಇವರು ತರುತ್ತಿದ್ದುದು ಮೂರು ಡಬ್ಬಿಯ ಟಿಫಿನ್ ಕ್ಯಾರಿಯರ್. ಅದೂ ತೊಳೆಯದ್ದು, ಅಂಚಿಗೆ ಹಳೆಯ ಸಾರು ಒಣಗಿ ಅಂಟಿದ್ದು. ನಮ್ಮ ಅಂಗಡಿಯ ನೊಣ ಎಣಿಸುವ ಮನುಷ್ಯನಿಗೆ ತನ್ನ ಡಬ್ಬಿ ಮಾತ್ರ ಕಾಣುತ್ತಿರಲಿಲ್ಲ. ಅವ್ವ ಪ್ರತಿ ಸಲ ಅದನ್ನು ಬೂದಿ ಹಾಕಿ ತಿಕ್ಕಿ, ಬಿಸಿನೀರಲ್ಲಿ ತೊಳೆದು, ಕುಂದಾ ತುಂಬಿ ಕೊಡುತ್ತಿದ್ದಳು.

ಒಂದು ಸಲ ತೊಳೆಯಲಿಲ್ಲ. ಹಾಗೇ ತುಂಬಿ ಕೊಟ್ಟಳು.

ವಾರದೊಳಗೆ ಸಾಹೇಬರು ಬಂದು ಗಿರಾಕಿಗಳ ಎದುರೇ ಕೂಗಾಡಿದರು. "ಏನವಾ, ನಿನ್ನ ಸ್ಯಾಂಪಲ್ ಹಳಸಿತ್ತಲ್ಲ! ಲೈಸೆನ್ಸ್ ಹೆಂಗ ಸಿಗ್ತೈತಿ ನಾನೂ ನೋಡ್ತೀನಿ!"

"ಲ್ಯಾಬಿನವ್ರು ಹೇಳಿದ್ರೇನ್ರಿ?" ಅವ್ವ ಕೈಯಲ್ಲಿನ ಸೌಟು ಬಿಡದೆ ಕೇಳಿದಳು.

"ನಮ್ಮ ಮನಿಯಾಕಿ ಹೇಳಿದ್ಳು!"

"ಕುಂದಾ ನಂದ್ರಿ, ಡಬ್ಬಿ ನಿಮ್ದು. ಕೇಸ್ ಯಾರ ಮ್ಯಾಲ ಹಾಕ್ತೀರಿ?"

ಗಿರಾಕಿಗಳು ಗೊಳ್ಳೆಂದು ನಕ್ಕರು. ಮತ್ತೆ ತುಂಬಿಸಿಕೊಳ್ಳಲು ತಂದಿದ್ದ ಕ್ಯಾರಿಯರ್ ಅವತ್ತು ಖಾಲಿಯೇ ಬೆಳಗಾವಿಗೆ ಹೋಯಿತು. ಲೈಸೆನ್ಸ್ ಸದ್ದಿಲ್ಲದೆ ಟಪಾಲಿನಲ್ಲಿ ಬಂತು.

ಮೊಮ್ಮಗನ ಡಬ್ಬಿಯನ್ನು ನಾನು ತೊಳೆಯಲಿಲ್ಲ, ಅವನ ಕೈಗೇ ಕೊಟ್ಟೆ. ಈಗಲೇ ಕಲಿಯಲಿ. ಇಲ್ಲದಿದ್ದರೆ ದೊಡ್ಡವನಾಗಿ ಇನ್‌ಸ್ಪೆಕ್ಟರ್ ಆಗಿಬಿಟ್ಟಾನು.