ನನ್ನ ತಪ್ಪಿನ ಪಾಳಿ

ನಾ ಸಿಟ್ಟಿನ ಮನುಷ್ಯ. ಇದನ್ನ ಮೊದಲೇ ಹೇಳಿಬಿಡ್ತೀನಿ, ಆಮ್ಯಾಲೆ ಯಾರ ಕಡೀಂದರೆ ಕೇಳಿ ತಿಳ್ಕೊಳ್ಳೋದು ಬ್ಯಾಡ. ಸೇಡಂನಾಗ ಅಂಕಿ-ಸಂಖ್ಯೆ ಕೆಲಸ ಮಾಡ್ಕೋತ ನನ್ನ ತಲಿ ಹಣ್ಣಾಗ್ಯದ. ಯಾವ ಊರಾಗ ಎಷ್ಟು ಮಳಿ ಬಿತ್ತು, ಎಷ್ಟು ತೊಗರಿ ಬೆಳೀತು, ಎಷ್ಟು ಮಂದಿ ಅದಾರ, ಎಷ್ಟು ದನ ಅವ, ಎಲ್ಲಾ ನಮ್ಮ ಕೈ ದಾಟೇ ಮ್ಯಾಲೆ ಹೋಗ್ತಾವ. ಹಾಳಿ ಮ್ಯಾಲೆ ಸುಳ್ಳು ಅಂಕಿ ಕಂಡ್ರೆ ನನಗ ಮೈ ಉರೀತದ. ನಮ್ಮ ತಾಲೂಕಿನ ಮುಧೋಳ ಕಡೆ ಒಬ್ಬ ನೌಕರ ಹೊಲದಾಗ ಕಾಲಿಡದೇ, ಬೇವಿನ ಗಿಡದ ನೆರಳಾಗ ಕುಂತು ಬೆಳಿ ತೂಕ ಬರದಿದ್ದ. ಅವನಿಗೆ ನಡು ಹೊಲದಾಗ ನಿಂದ್ರಿಸಿ ಬೈದದ್ದು ಇಡೀ ತಾಲೂಕಿಗೆ ಗೊತ್ತದ.

ನಮ್ಮಂಥ ಅಂಕಿ ಹುಚ್ಚರದು ಒಂದು ಬಳಗ ಅದ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಐದೂ ಊರಿನವರು ತಿಂಗಳಿಗೊಂದು ಐತವಾರ ಕೂಡ್ತೀವಿ, ಒಂದೊಂದ್ಸಲ ಒಂದೊಂದು ಊರಾಗ. ಕಾಲೇಜಿನಾಗ ಸಂಖ್ಯಾಶಾಸ್ತ್ರ ಕಲಿಸೋರು ಅದಾರ, ನನ್ನಂಥ ಕಚೇರಿಯವರು ಅದಾರ, ಯಾವುದೋ ಕಾರ್ಖಾನಿಯೊಳಗ ಮಾಲು ಪರೀಕ್ಷಾ ಮಾಡಿ ಲೆಕ್ಕ ಬರಿಯೋರು ಅದಾರ. ಚಾ, ಸುಸಲಾ, ಮಿರ್ಚಿ ಭಜಿ ಆದ ಮ್ಯಾಲೆ ಯಾರರೆ ಒಬ್ಬರು ಬೋರ್ಡ್ ಮುಂದ ನಿಂತು ಹೊಸಾದೇನರೆ ಹೇಳಿಕೊಡ್ತಾರ. ತಿಂಗಳ ಸುದ್ದಿ ಹಾಳಿ ಬರಿಯೋದು ನನ್ನ ಕೆಲಸ. ಯಾರಿಗೆ ಬಡ್ತಿ ಸಿಕ್ತು, ಯಾರು ಕಾರ್ಯಾಗಾರಕ್ಕ ಹೋಗಿ ಬಂದ್ರು, ಯಾವ ಶಾಲಿಯೊಳಗ ಮಕ್ಕಳಿಗೆ ಗ್ರಾಫ್ ತಗಿಯೋದು ಕಲಿಸಿದ್ವಿ, ಎಲ್ಲಾ ಬರೀತೀನಿ. ಎರಡೇ ಪುಟ. ಮನಿಯವಳು ನೋಡಿ ನಗ್ತಾಳ, ‘ಇದನ್ನ ಬರದವರೇ ಓದ್ತೀರೇನು?’ ಅಂತಾಳ. ಹೌದು, ಓದ್ತೀವಿ. ಅದರಾಗ ಏನು ನಾಚಿಕಿ?

ಬಳಗದಾಗ ಒಂದು ರೂಢಿ ಅದ, ಬ್ಯಾರೆ ಎಲ್ಲೂ ನಾ ಕಂಡಿಲ್ಲ. ಅದಕ್ಕ ತಪ್ಪಿನ ಪಾಳಿ ಅಂತೀವಿ. ಪ್ರತಿ ಸಲ ಒಬ್ಬರು ಎದ್ದು ನಿಂತು ತಮ್ಮ ಕೆಲಸದಾಗ ತಾವೇ ಮಾಡಿದ ಒಂದು ತಪ್ಪು ಹೇಳಬೇಕು. ನೆಪ ಹೇಳಂಗಿಲ್ಲ. ಮುಗಿಯೋತನಕ ನಡುವ ಯಾರೂ ಬಾಯಿ ಹಾಕಂಗಿಲ್ಲ. ಮುಗಿದ ಮ್ಯಾಲೆ ಎಲ್ಲರೂ ಚಪ್ಪಾಳಿ ಹೊಡೀಬೇಕು. ಇದನ್ನ ಶುರು ಮಾಡಿದವರು ಚಿತ್ತಾಪುರದ ಹಿರೇ ಮೇಡಂ. ಕಾಲೇಜಿನಾಗ ಕಲಿಸಿ ನಿವೃತ್ತ ಆದವರು. ಮೊದಲ ಪಾಳಿನೂ ಅವರೇ ತಗೊಂಡ್ರು. ‘ನನ್ನ ಕ್ಲಾಸಿನ ಹುಡುಗಿಯರ ಮಾರ್ಕು ವರ್ಷಾ ವರ್ಷಾ ಏರ್ಲಿಕತ್ತಾವ ಅಂತ ಸಭಾದಾಗ ಹೇಳಿ ಹಾರ ಹಾಕಿಸ್ಕೊಂಡೆ. ನಡುವ ಕಾಲೇಜು ಬಿಟ್ಟು ಹೋದವರು ನನ್ನ ಲೆಕ್ಕದಾಗ ಇರ್ಲೇ ಇಲ್ಲ. ಉಳದವರು ಶಾಣ್ಯಾರೇ ಇದ್ರು, ಮಾರ್ಕು ಏರದೇ ಏನ್ಮಾಡ್ತದ?’ ಅಂದ್ರು. ಅಂದು ನಕ್ಕರು, ಕಣ್ಣೂ ಒರಸ್ಕೊಂಡ್ರು. ಅವತ್ತಿನಿಂದ ಆ ಹೆಣ್ಮಗಳ ಮ್ಯಾಲೆ ನನಗ ಭಾಳ ಗೌರವ. ಹಾರ ಹಾಕಿಸ್ಕೊಂಡವರು ಸಾವಿರ ಮಂದಿ ಸಿಗ್ತಾರ, ಅದನ್ನ ತಾವೇ ತಗದಿಟ್ಟವರು ಎಲ್ಲಿ ಸಿಗ್ತಾರ?

ಈಗ ನನ್ನ ಪಾಳಿ ಹ್ಯಾಂಗ ಬಂತು ಅಂತ ಹೇಳ್ತೀನಿ.

ಹೋದ ವರ್ಷ ಒಂದು ಮನಿ ಸಮೀಕ್ಷಾ ನಡದಿತ್ತು. ಹಳ್ಳಿ ಹಳ್ಳಿಗೆ ಹೋಗಿ ಹಾಳಿ ತುಂಬಲಿಕ್ಕ ಎಂ.ಎಸ್ಸಿ. ಓದಿದ ಹುಡುಗ ಹುಡುಗಿಯರನ್ನ ತಾತ್ಕಾಲಿಕ ತಗೊಂಡಿದ್ರು. ಸೇಡಂ, ಚಿಂಚೋಳಿ ಎರಡೂ ತಾಲೂಕಿನ ತುಂಬಿದ ಹಾಳಿ ಪರೀಕ್ಷಾ ಮಾಡಾಂವ ನಾ. ಒಂದಿನ ಕುಂಚಾವರಂ ಕಡೆ ಒಂದು ತಾಂಡಾದ ಕಟ್ಟು ನನ್ನ ಟೇಬಲ್ಲಿಗೆ ಬಂತು. ಅಡವಿ ನಡುವಿನ ಊರು, ಅರ್ಧ ಮಾತು ತೆಲುಗು. ಬರದಾಕಿ ಶಹಾಬಾದದ ಹುಡುಗಿ. ನಾ ಆಕೀನ ನೋಡಿದ್ದೇ ಇಲ್ಲ, ಹಾಳಿ ಮ್ಯಾಲಿನ ಹೆಸರಷ್ಟೇ ಗೊತ್ತು.

ನಮ್ಮ ಕಡೆ ಮುದುಕಿಗೆ ವಯಸ್ಸು ಕೇಳಿ ನೋಡ್ರಿ. ‘ಆಗಿರಬೇಕಪ್ಪಾ ಅರವತ್ತು’ ಅಂತಾಳ. ಮುಂದಿನ ವರ್ಷ ಕೇಳ್ರಿ, ಆಗೂ ಅರವತ್ತೇ. ಆಧಾರ್ ಕಾರ್ಡು ನೋಡಿದ್ರೆ ಅರ್ಧ ಊರು ಜನವರಿ ಒಂದಕ್ಕ ಹುಟ್ಟೇದ. ಅದಕ್ಕ ಯಾವ ಹಳ್ಳಿಯ ವಯಸ್ಸಿನ ಗ್ರಾಫ್ ತಗದ್ರೂ ನಲವತ್ತು, ಐವತ್ತು, ಅರವತ್ತರ ಮ್ಯಾಲೆ ಕಂಬ ಎದ್ದು ನಿಂತಿರ್ತಾವ. ಈ ಹುಡುಗಿ ಹಾಳಿಯೊಳಗ ಒಂದೂ ಕಂಬ ಇಲ್ಲ! ನಲವತ್ತೇಳು, ಐವತ್ಮೂರು, ಅರವತ್ತೊಂದು, ಮೂವತ್ತೆಂಟು. ಗ್ರಾಫ್ ಸಾಪ್ ಸೀದಾ ಇಳದಿತ್ತು, ಪುಸ್ತಕದಾಗಿನ ಚಿತ್ರ ಇದ್ದಂಗ.

ನನಗ ನೆತ್ತಿಗೇರಿತು. ಎಲಾ ಇಕಿನ! ಓದಿದ ಹುಡುಗಿ, ಗ್ರಾಫ್ ಹ್ಯಾಂಗಿರಬೇಕು ಅಂತ ಗೊತ್ತದ, ಮನಿಯೊಳಗ ಫ್ಯಾನ್ ಕೆಳಗ ಕುಂತು ಚಂದಾಗಿ ಬರದು ಕಳಿಸ್ಯಾಳ ಅಂದ್ಕೊಂಡೆ. ಎರಡನೇ ವಿಚಾರಾನೇ ಮಾಡ್ಲಿಲ್ಲ. ಕಚೇರಿ ಭಾಷಾದಾಗ ಟಿಪ್ಪಣಿ ಬರದೆ: ‘ಸದರಿ ನಮೂನೆಗಳನ್ನು ಕ್ಷೇತ್ರಕ್ಕೆ ಭೇಟಿ ನೀಡದೆ ಭರ್ತಿ ಮಾಡಿರುವುದು ಮೇಲ್ನೋಟಕ್ಕೆ ಕಂಡುಬರುತ್ತದೆ.’ ಸಹಿ ಹೊಡದು ಸಾಹೇಬರಿಗೆ ಕಳಿಸಿದೆ. ಮುಂದಿನ ಸಮೀಕ್ಷಾದ ಪಟ್ಟಿಯೊಳಗಿಂದ ಆಕಿ ಹೆಸರು ಹೊಡದು ಹಾಕಿದ್ರು. ನಾ ಅವತ್ತು ಮನಿಗೆ ಹೋಗಿ ಹೊಟ್ಟಿ ತುಂಬ ಉಂಡೆ.

ಟಿಪ್ಪಣಿ ಬರದ ಮ್ಯಾಲೆ ಹತ್ತು ಮನಿಗೆ ಹೋಗಿ ಮರುತಪಾಸಣಿ ಮಾಡಬೇಕು ಅಂತ ನಿಯಮ ಅದ. ಚಿಂಚೋಳಿಯ ನಮ್ಮ ಬಳಗದ ಗೆಳೆಯನ್ನ ಕರಕೊಂಡು, ಅವನ ಮೋಟರ್ ಸೈಕಲ್ ಮ್ಯಾಲೆ ಅಡವಿ ದಾರಿ ಹಿಡದು ಹೋದೆ. ಹಬ್ಬಕ್ಕ ಹೊಂಟಂಗ ಹೊಂಟಿದ್ದೆ, ಖರೇ ಹೇಳ್ತೀನಿ.

ಮೊದಲ ಮನಿಯ ಕಟ್ಟಿ ಮ್ಯಾಲೆ ಒಬ್ಬಾಕಿ ಮುದುಕಿ ಹುಣಸಿ ಹಣ್ಣು ಕುಟ್ಲಿಕತ್ತಿದ್ಳು.

‘ಎಷ್ಟು ವಯಸ್ಸವ್ವಾ ನಿಂದು?’ ಅಂದೆ.

‘ಅರವತ್ತಾರು,’ ಅಂದ್ಳು. ತಡಾನೇ ಮಾಡ್ಲಿಲ್ಲ.

ಹಾಳಿಯೊಳಗ ಅರವತ್ತೈದು ಇತ್ತು. ಹುಡುಗಿ ಸಿಕ್ಕಿಬಿದ್ಳು! ಅಂತ ಗೆಳೆಯನ ಮಾರಿ ನೋಡಿದೆ. ಆಮ್ಯಾಲೆ ಮುದುಕಿನ ಕೇಳಿದೆ, ‘ಅರವತ್ತಾರು ಅಂತ ಯಾರು ಹೇಳಿದ್ರು ನಿನಗ?’

‘ಆ ಪಿಲ್ಲ, ಬರಕೊಳ್ಳಲಿಕ್ಕ ಬಂದ ಹುಡುಗಿ, ಹೇಳಿ ಹೋದ್ಳಲ್ಲ. ಅರ್ಧ ದಿನ ಇಲ್ಲೇ ಕುಂತಿದ್ಳು,’ ಅಂದು ಒಳಗ ಹೋಗಿ ಒಂದು ತಗಡಿನ ಡಬ್ಬಿ ತಂದ್ಳು. ಡಬ್ಬಿ ತುಂಬ ಹುಣಸಿ ಬೀಜ. ‘ದೊಡ್ಡ ಮಗ ಬಗಲಾಗಿದ್ದಾಗ ಊರಿಗೆ ಮೊದಲ ಬಸ್ಸು ಬಂತು ಅಂದೆ. ಕೆರಿ ಒಡದಾಗ ನಾ ಇನ್ನೂ ಮೈ ನೆರದಿರ್ಲಿಲ್ಲ ಅಂದೆ. ಬಸ್ಸು ಎಂದು ಬಂತು, ಕೆರಿ ಎಂದು ಒಡೀತು ಅಂತ ಊರಾಗ ನಾಕ್ ಮಂದೀನ ಕೇಳ್ಕೊಂಡು ಬಂದ್ಳು. ವರ್ಷಕ್ಕೊಂದು ಬೀಜ ಇಟ್ಟು ಎಣಿಸಿದ್ಳು. ಅರವತ್ತೈದು ಆದ್ವು. ಯುಗಾದಿಗೆ ನಾ ಒಂದು ಹಾಕೀನಿ.’

ನಾ ಹಾಳಿ ನೋಡಿದೆ, ಡಬ್ಬಿ ನೋಡಿದೆ. ಮುದುಕಿ ನನ್ನ ಮಾರಿ ನೋಡಿ, ‘ಯಾಕಪ್ಪಾ, ಹಾಕಬಾರ್ದಿತ್ತೇನು?’ ಅಂದ್ಳು.

‘ಹಾಕಬೇಕವ್ವಾ,’ ಅಂದೆ.

ಹತ್ತೂ ಮನಿ ತಿರಗಿದ್ವಿ. ಹತ್ತೂ ಬರೋಬ್ಬರಿ. ಒಂದು ಮನಿಯಾಗ ಗೋಡಿಗೆ ಒಂದು ಹಾಳಿ ಅಂಟಿಸಿದ್ರು. ಬಸ್ಸು, ಕೆರಿ, ಶಾಲಿ, ಕರೆಂಟು, ಯಾವ ವರ್ಷ ಏನಾತು ಅಂತ ಆಕಿ ಕೈಬರಹದಾಗ ಒಂದರ ಕೆಳಗೊಂದು ಇತ್ತು. ನಾ ಇಷ್ಟು ವರ್ಷ ನೌಕರಿ ಮಾಡೀನಿ, ‘ಆಗಿರಬೇಕು ಅರವತ್ತು’ ಅಂದ್ರೆ ಅರವತ್ತು ಅಂತ ಬರಕೊಂಡು ಮುಂದಿನ ಮನಿಗೆ ಹೋಗೀನಿ. ನಮ್ಮ ಮಂದಿ ವಯಸ್ಸಿನ ಗ್ರಾಫಿನಾಗ ಕಂಬ ಇದ್ದೇ ಇರ್ತಾವ ಅಂತ ಊರೂರು ತಿರಗಿ ಪಾಠ ಮಾಡೀನಿ. ಆ ಕಂಬ ಅರ್ಧಕ್ಕರ್ಧ ನಮ್ಮ ಅವಸರದವು ಅಂತ ತಲಿಗೆ ಹೊಳದಿರ್ಲಿಲ್ಲ. ಇಡೀ ಸಮೀಕ್ಷಾದಾಗ ಒಬ್ಬಾಕಿ ಖರೇ ಕೆಲಸ ಮಾಡಿದ್ಳು, ನಾ ಆಕಿಗೆ ಸುಳ್ಳಿ ಅಂತ ಬರದಿದ್ದೆ. ಹಂಥಾ ಹುಡುಗಿಗೆ ಕೈ ಮುಗೀಬೇಕು, ನಾ ಕೈ ಕಡದಿದ್ದೆ.

ಅಷ್ಟಾದ್ರೂ ಬರೋ ದಾರಿಯೊಳಗ ನನ್ನ ಬುದ್ಧಿ ನೋಡ್ರಿ. ನಿವೃತ್ತಿಗೆ ಇನ್ನೆರಡು ವರ್ಷ. ಟಿಪ್ಪಣಿ ತಪ್ಪು ಅಂತ ಬರದು ಕೊಟ್ರೆ ಅದು ನನ್ನ ಫೈಲಿಗೆ ಬೀಳ್ತದ. ‘ಬಿಡು, ಮುಂದಿನ ವರ್ಷ ಆಕಿ ಹೆಸರು ಸೇರಸಿದ್ರಾತು,’ ಅಂದೆ.

ಗೆಳೆಯ ಗಾಡಿ ಹೊಡ್ಕೋತನೇ ಅಂದ, ‘ಮುಂದಿನ ಸಮೀಕ್ಷಾದ ಪಟ್ಟಿ ಸೋಮವಾರ ಮುಗೀತದ, ಸರ್. ಐತವಾರ ತಪ್ಪಿನ ಪಾಳಿ ನಿಮ್ದೇ ಅದ.’

ಪಾಳಿ ನಂದೇ ಇತ್ತು ನೋಡ್ರಿ. ಹೆಸರು ಹೇಳ್ದೇ ಕತಿ ಹೇಳಿಬಿಟ್ರಾತು, ಮನಸು ಹಗುರ ಆಗ್ತದ, ಫೈಲೂ ಉಳೀತದ ಅಂತ ಲೆಕ್ಕ ಹಾಕಿದೆ.

ಆ ಐತವಾರ ಶಹಾಬಾದದ ಒಂದು ಶಾಲಿ ಖೋಲಿಯೊಳಗ ಕೂಡಿದ್ವಿ. ಭಜಿ ಆತು, ಚಾ ಆತು. ನಾ ಎದ್ದೆ. ಕತಿ ಹೇಳೋದು ನನಗ ಬರ್ತದ. ಸಿಟ್ಟು ಬಂದದ್ದು, ಟಿಪ್ಪಣಿ ಬರದದ್ದು, ಮುದುಕಿ, ಡಬ್ಬಿ, ಯುಗಾದಿ ಬೀಜ, ಎಲ್ಲಾ ರಂಗಾಗಿ ಹೇಳಿದೆ. ಕಂಬದ ಮಾತಿಗೆ ಮಂದಿ ಗೋಣು ಹಾಕಿದ್ರು. ಮುಗಿದಾಗ ಚಪ್ಪಾಳಿ ಬಿತ್ತು, ಇಷ್ಟು ದಿನದಾಗ ಯಾರಿಗೂ ಬಿದ್ದಿರದಂಥ ಚಪ್ಪಾಳಿ. ನಾ ಎದಿ ಉಬ್ಬಿಸಿ ಕುಂಡ್ರಬೇಕಂದೆ.

ಹಿಂದಿನ ಬೆಂಚಿನಿಂದ ಒಬ್ಬಾಕಿ ಹುಡುಗಿ ಎದ್ದು ನಿಂತ್ಳು. ಹಿರೇ ಮೇಡಂ ಹೊಸದಾಗಿ ಕರಕೊಂಡು ಬಂದಿದ್ರು. ಅವರ ಹಳೇ ವಿದ್ಯಾರ್ಥಿನಿ ಅಂತ ಅಷ್ಟೇ ಗೊತ್ತಿತ್ತು ನನಗ.

‘ಆ ಹಾಳಿ ನನ್ನವು, ಸರ್,’ ಅಂದ್ಳು.

ನಾ ಮೇಡಂ ಕಡೆ ನೋಡಿದೆ. ಅವರು ನನ್ನ ಕಡೆ ನೋಡ್ಲಿಲ್ಲ.

‘ಒಂದು ಕೇಳ್ತೀನ್ರಿ ಸರ್. ಪ್ರತಿ ಹಾಳಿ ಕೆಳಗ ನನ್ನ ಮೊಬೈಲ್ ನಂಬರ್ ಬರದಿದ್ದೆ. ಹ್ಯಾಂಗ ಬರದಿ ಅಂತ ಒಂದ್ ಸಲ ಯಾಕ ಕೇಳ್ಲಿಲ್ರಿ?’

ದನಿ ಏರಿಸ್ಲಿಲ್ಲ. ಬೈದಿದ್ರೆ ಛಲೋ ಇತ್ತು, ಬೈಗಳಕ್ಕ ತಿರಗಿ ಮಾತಾಡಲಿಕ್ಕ ನನಗ ಬರ್ತದ. ‘ತಪ್ಪಾತು, ತಂಗಿ,’ ಅಂದೆ. ಅಂದ ಮ್ಯಾಲೆ ಗೊತ್ತಾತು, ಅಷ್ಟೊತ್ತು ನಾ ರಂಗಾಗಿ ಹೇಳಿದ ಕತಿಯೊಳಗ ಆ ಮಾತು ಒಂದ್ ಸಲನೂ ಬಂದಿರ್ಲಿಲ್ಲ.

‘ನನ್ನ ಮ್ಯಾಲೆ ಬರದು ಕೊಟ್ಟಿದ್ರಿ,’ ಅಂದ್ಳು. ‘ಇದನ್ನೂ ಬರದು ಕೊಡ್ರಿ.’

ಒಬ್ಬರು ಹಾಳಿ ಕೊಟ್ರು, ಇನ್ನೊಬ್ಬರು ಪೆನ್ನು ಕೊಟ್ರು. ಎಲ್ಲರೂ ನೋಡ್ಲಿಕತ್ತಿದ್ರು. ಶಾಲಿ ಹುಡುಗರ ಬೆಂಚಿನಾಗ ಮಂಡಿ ಸಿಗಿಸ್ಕೊಂಡು ಕುಂತು ಬರದೆ. ಕ್ಷೇತ್ರಕ್ಕೆ ಭೇಟಿ ನೀಡದೆ ಆರೋಪ ಮಾಡಿದವನು ನಾನೇ, ಸದರಿ ತಾಂಡಾದ ಎಪ್ಪತ್ತು ಮನೆಗಳ ಮಾಹಿತಿ ಸತ್ಯವಾಗಿದೆ, ಅವರ ಹೆಸರನ್ನು ಮರಳಿ ಪಟ್ಟಿಗೆ ಸೇರಿಸಬೇಕು ಅಂತ ಬರದು, ಸಹಿ ಮಾಡಿ ಆಕಿ ಕೈಯಾಗ ಕೊಟ್ಟೆ.

ಆಕಿ ನಿಂತಲ್ಲೇ ಮೊದಲಿಂದ ಕಡೀತನಕ ಓದಿದ್ಳು. ಇನ್ನೊಮ್ಮೆ ಓದಿದ್ಳು. ಆಮ್ಯಾಲೆ ಹಾಳಿ ನನ್ನ ಮುಂದ ಇಟ್ಟು ಒಂದು ಕಡೆ ಬೆರಳು ತೋರಿಸಿದ್ಳು.

‘ಎಪ್ಪತ್ತು ಅಲ್ರಿ ಸರ್,’ ಅಂದ್ಳು. ‘ಅರವತ್ತೆಂಟು ಮನಿ.’