ರವೆ ಉಂಡೆ ಗಾತ್ರದ ಕಬ್ಬಿಣ

ಮೂರು ಗಾಲಿಯ ನನ್ನ ಟೂರಿಂಗ್ ಬೈಕನ್ನು ಕಂಡವರು ಮೊದಲು ಕೇಳುವುದು ಅದು ಎಷ್ಟು ಸ್ಪೀಡು ಹೋಗುತ್ತದೆ ಎಂದು. ಅದರಿಂದ ಇಳಿಯುವುದು ಹೇಗೆ ಎಂದು ಯಾರೂ ಕೇಳುವುದಿಲ್ಲ. ನನ್ನ ತಲೆನೋವೆಲ್ಲ ಇದ್ದದ್ದು ಅಲ್ಲೇ.

ನಾನು ನೈರೋಬಿಯ ಔಷಧಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಮಾತ್ರೆ ಪ್ಯಾಕ್ ಮಾಡುವ ಯಂತ್ರಗಳ ಉಸ್ತುವಾರಿ ನನ್ನದು. ಮೈಸೂರು ಬಿಟ್ಟು ಇಲ್ಲಿಗೆ ಬಂದ ಕೆಲವು ವರ್ಷಗಳಲ್ಲೇ ಬೆನ್ನುಹುರಿಗೆ ಕಾಯಿಲೆ ಬಂದು ಕಾಲುಗಳು ಕೈಕೊಟ್ಟವು. ಏನನ್ನಾದರೂ ಹಿಡಿದುಕೊಂಡರೆ ಒಂದು ಗಳಿಗೆ ನಿಲ್ಲಬಲ್ಲೆ, ಉಳಿದದ್ದಕ್ಕೆಲ್ಲ ಗಾಲಿಕುರ್ಚಿ. ಗೇರು, ಬ್ರೇಕು ಎರಡೂ ಕೈಯಲ್ಲೇ ಸಿಗುವಂತೆ ಮಾಡಿಸಿದ ಬೈಕು ನನ್ನದು. ಹಿಂದೆ ಎರಡು ಗಾಲಿ, ಮುಂದೆ ಒಂದು, ವಾಲುವ ಮಾತೇ ಇಲ್ಲ. ಅದರ ಮೇಲೆ ಕೂತು ಹೊರಟೆನೆಂದರೆ ಯಾರಿಗೂ ಜಗ್ಗದ ಮಟಾಟು ಎಂಬ ಮಿನಿಬಸ್ಸುಗಳ ಡ್ರೈವರುಗಳೂ ದಾರಿ ಬಿಟ್ಟು ಕೈ ಬೀಸುತ್ತಾರೆ. ಆದರೆ ಹೋದ ಕಡೆ ಇಳಿಯಬೇಕೆಂದರೆ ಕುರ್ಚಿ ಬೇಕು. ಕುರ್ಚಿ ಲೊರೆಶೋ ಬಡಾವಣೆಯ ನಮ್ಮ ಮನೆಯಲ್ಲಿರುತ್ತಿತ್ತು.

ನನಗೊಂದು ಆಸೆ ಹತ್ತಿಕೊಂಡಿತ್ತು. ನೈರೋಬಿಯಾಚೆಯ ಲಿಮೂರು ಎಂಬ ಊರು ದಾಟಿದ ಮೇಲೆ ರಸ್ತೆಯ ಪಕ್ಕದಲ್ಲೇ ಭೂಮಿ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ. ಅದೇ ರಿಫ್ಟ್ ಕಣಿವೆ. ಅಲ್ಲಿಯವರೆಗೆ ನಾನೇ ಓಡಿಸಿಕೊಂಡು ಹೋಗಬೇಕು, ಇಳಿಯಬೇಕು, ಅಂಚಿಗೆ ಹೋಗಿ ಕಣ್ತುಂಬ ನೋಡಬೇಕು. ಕಾರಿನಲ್ಲಿ ಹೋಗಬಹುದಿತ್ತಲ್ಲ ಎನ್ನುವಿರಿ. ಹೋಗಬಹುದಿತ್ತು. ಕಾರಿನಲ್ಲಿ ನನ್ನನ್ನು ಎತ್ತಿ ಕೂರಿಸುತ್ತಾರೆ, ಎತ್ತಿ ಇಳಿಸುತ್ತಾರೆ. ಅದರಲ್ಲಿ ನಾನೂ ಒಂದು ಸಾಮಾನು. ಬೈಕಿನಲ್ಲಿ ನಾನು ಸವಾರ.

ಒಂದು ಭಾನುವಾರ ಹೊರಟೆವು. ಮುಂದೆ ನಾನು ಬೈಕಿನಲ್ಲಿ, ಹಿಂದೆ ಕುರ್ಚಿ ಹೇರಿಕೊಂಡು ಕಾರಿನಲ್ಲಿ ಹೆಂಡತಿ. ಮಂತ್ರಿಗಳ ಮೆರವಣಿಗೆ ಅನ್ನಿ. ಲಾರಿಗಳ ಸಾಲಿನಲ್ಲಿ ಅವಳು ಎಲ್ಲೋ ಸಿಕ್ಕಿಕೊಂಡಳು. ನಾನು ಕಣಿವೆಯ ಬಳಿ ನಿಲ್ಲಿಸಿ, ಸುಟ್ಟ ಜೋಳ ಮಾರುವವರ ಮಧ್ಯೆ ಸೀಟಿನ ಮೇಲೇ ಕೂತಿದ್ದೆ. ಕಣಿವೆ ನೋಡುವ ಕಟ್ಟೆ ಎದುರಿಗೇ ಇತ್ತು. ಅದರ ಮೇಲೆ ಬಾಗಿ ನಿಂತವರ ಬೆನ್ನುಗಳು ಕಾಣುತ್ತಿದ್ದವು, ಅವರ "ಆಹಾ" ಕೇಳಿಸುತ್ತಿತ್ತು. ಹೆಂಡತಿ ಬರುವಷ್ಟರಲ್ಲಿ ಲಿಮೂರಿನ ಮಂಜು ಬಂದು ಎಲ್ಲವನ್ನೂ ಮುಚ್ಚಿತು. ಅವಳು ಕಟ್ಟೆಯವರೆಗೆ ಹೋಗಿ ಇಣುಕಿ ಬಂದು, "ದೊಡ್ಡದಿದೆ ಅನ್ಸುತ್ತೆ ರೀ" ಅಂದಳು. ನಾನು ಬೈಕು ತಿರುಗಿಸಿದೆ.

ಕುರ್ಚಿ ನನ್ನ ಜೊತೆಗೇ ಬರಬೇಕು ಎಂದು ಅವತ್ತೇ ತೀರ್ಮಾನಿಸಿದೆ. ಮಡಚಿದ ಕುರ್ಚಿ ಹಿಡಿಸುವ ಎರಡು ಗಾಲಿಯ ಪುಟ್ಟ ಟ್ರೇಲರ್ ಸುಲಭವಾಗಿ ಸಿಕ್ಕಿತು. ಅದನ್ನು ಬೈಕಿಗೆ ಕೂಡಿಸುವ ಹಿಚ್ ಆರಿಸುವುದರಲ್ಲಿ ಮಾತ್ರ ಒಂದು ಮಳೆಗಾಲ ಪೂರ್ತಿ ಕಳೆಯಿತು.

ಇಂಡಸ್ಟ್ರಿಯಲ್ ಏರಿಯಾದ ವೆಲ್ಡಿಂಗ್ ಶೆಡ್ಡಿನವನು ಬೈಕಿನ ಕೆಳಗೆ ನುಸುಳಿ ನೋಡಿ, "ಸವಾ, ಆಯಿತು! ಸಂಜೆಯೊಳಗೆ ಒಂದು ಕಂಬಿ ಬೆಸೆದು ಕೊಡುತ್ತೇನೆ" ಎಂದ. ಕೆಲಸ ಬಲ್ಲವನೇ. ಆದರೆ ಬೈಕಿನ ಚೌಕಟ್ಟಿಗೆ ಬೆಂಕಿ ತೋರಿಸಲು ನನಗೆ ಮನಸ್ಸು ಬರಲಿಲ್ಲ. ಬೋಲ್ಟು ಹಾಕಿ ಬಿಗಿಯುವಂಥದ್ದೇ ಬೇಕು ಎಂದು ಹಟ ಹಿಡಿದೆ. ಅದರಲ್ಲೂ ಎರಡು ಬಗೆ ಇದ್ದವು. ಎರಡರಲ್ಲೂ ಬೈಕಿನ ಹಿಂಬದಿಗೆ ಒಂದು ಕಬ್ಬಿಣದ ಗುಂಡು, ಟ್ರೇಲರಿನ ಮೂತಿಗೆ ಆ ಗುಂಡನ್ನು ಕವುಚಿ ಹಿಡಿಯುವ ಕಪ್ಲರ್. ಒಂದರಲ್ಲಿ ಕಪ್ಲರ್ ಗಟ್ಟಿಯಾಗಿ ನಿಂತಿರುತ್ತದೆ. ಇನ್ನೊಂದರಲ್ಲಿ ಅದು ತನ್ನ ದಂಡದ ಸುತ್ತ ತಿರುಗುತ್ತದೆ. ವಾಲದ ಬೈಕಿಗೆ ತಿರುಗುವ ಕಪ್ಲರ್ ಯಾಕೆ, ಗಟ್ಟಿಯಾದದ್ದೇ ಸಾಕು ಎಂದು ನಾನು ಬೀಗುತ್ತಿದ್ದಾಗ, ಕಾಲೇಜಿಗೆ ಹೋಗುವ ಮಗಳು ಫೋನಿನಿಂದ ತಲೆ ಎತ್ತಿದಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಅರ್ಧ ಇಂಗ್ಲಿಷಿನಲ್ಲಿ.

"ಅಪ್ಪಾ, ಟ್ರೇಲರ್ ಫ್ಲಿಪ್ ಆದ್ರೆ? ವಾಟ್ ಹ್ಯಾಪನ್ಸ್ ಟು ಯು?"

ಕಾಗದದ ಮೇಲೆ ಚಿತ್ರ ಬರೆದು ನೋಡಿದೆ. ಗಟ್ಟಿ ಕಪ್ಲರ್ ಆದರೆ, ಮಗುಚುವ ಟ್ರೇಲರ್ ಬೈಕನ್ನೂ ಹಿಂಡುತ್ತದೆ. ತಿರುಗುವಂಥದ್ದಾದರೆ ಅದು ತನ್ನ ಪಾಡಿಗೆ ಉರುಳುತ್ತದೆ, ಬೈಕು ನಿಂತೇ ಇರುತ್ತದೆ. ಬಿದ್ದರೆ ಎದ್ದು ಓಡಲಾರದವನಿಗೆ ಇದು ಸಣ್ಣ ಮಾತಲ್ಲ.

ತಿರುಗುವುದನ್ನೇ ತರಿಸಿದೆ. ವಿಮಾನ ನಿಲ್ದಾಣದ ಪಕ್ಕದ ಎಂಬಕಸಿಯ ಸರಕಿನ ಗೋದಾಮಿನಲ್ಲಿ ಪೆಟ್ಟಿಗೆ ಬಿಚ್ಚಿ ಗುಂಡನ್ನು ನನ್ನ ತೊಡೆಯ ಮೇಲಿಟ್ಟರು. ಹಬ್ಬಕ್ಕೆ ಅಮ್ಮ ಕಟ್ಟುತ್ತಿದ್ದ ರವೆ ಉಂಡೆಯಷ್ಟಿತ್ತು, ಅಷ್ಟೇ. ತಲೆಯ ಮೇಲೆ ವಿಮಾನವೊಂದು ಗೋದಾಮನ್ನೆಲ್ಲ ನಡುಗಿಸಿಕೊಂಡು ಇಳಿಯಿತು. ನಾನು ತಲೆ ಎತ್ತಲಿಲ್ಲ. ಯಂತ್ರಗಳ ನಡುವೆಯೇ ಕೂದಲು ನರೆತಿದೆ, ಆದರೂ ಇದನ್ನು ನೋಡಿ ಬೆರಗಾದೆ. ಒಂದು ಗಾಡಿಯ ಭಾರವನ್ನು ಈ ಉಂಡೆ ಎಳೆಯುತ್ತದೆ. ಎಡಕ್ಕೆ ಬಾ ಎಂದರೆ ಎಡಕ್ಕೆ, ಹಳ್ಳಕ್ಕೆ ಇಳಿ ಎಂದರೆ ಹಳ್ಳಕ್ಕೆ. ಬಿಡದೆ ಹಿಡಿದುಕೊಳ್ಳುತ್ತದೆ, ಹಿಡಿದೂ ಆಡಗೊಡುತ್ತದೆ. ಯಾರಿಗೆ ಮೊದಲು ಹೊಳೆಯಿತೋ ಇದು, ಅವರಿಗೆ ಕೈ ಮುಗಿಯಬೇಕೆನ್ನಿಸಿತು.

ಕೈ ಮುಗಿಯುವ ದಿನವೂ ಬಂತು. ಆಯುಧಪೂಜೆ. ನಮ್ಮ ಮನೆಯಲ್ಲಿ ಅವತ್ತು ಮಿಕ್ಸಿಯಿಂದ ಹಿಡಿದು ಲ್ಯಾಪ್‌ಟಾಪಿನವರೆಗೆ ಕುಂಕುಮ ಬೀಳುತ್ತದೆ. ಗಾಲಿಕುರ್ಚಿಗೆ ಮಾತ್ರ ಇಲ್ಲ. ಕುರ್ಚಿ ಬಂದ ಮೊದಲ ವರ್ಷ ಹೆಂಡತಿ ಕುಂಕುಮದ ಬಟ್ಟಲು ಹಿಡಿದು ಹತ್ತಿರ ಬಂದಾಗ, "ನನ್ನ ಕಾಯಿಲೆಗೂ ಪೂಜೆ ಮಾಡ್ತೀಯಾ?" ಎಂದು ಕೂಗಾಡಿದ್ದೆ. ಅಂದಿನಿಂದ ಪೂಜೆಯ ಹೊತ್ತಿಗೆ ಅವಳು ಕುರ್ಚಿಯನ್ನು ಬಿಟ್ಟು ಮುಂದೆ ಹೋಗುತ್ತಾಳೆ.

ಅವಳೇ ಬಗ್ಗಿ ಟ್ರೇಲರನ್ನು ಬೈಕಿಗೆ ಕೂಡಿಸಿದಳು. ಕೂಡಿಸುವ ಮುನ್ನ ಗುಂಡಿಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ದಾರವನ್ನು ಭಕ್ತಿಯಿಂದ ಸುತ್ತಿದ್ದಳು. "ಲ್ಯಾಚು ಟಕ್ ಅಂತಾ?" ಎಂದೆ. "ಅಂತು ರೀ, ಬೇಗ ಹತ್ತಿ, ರಾಹುಕಾಲ ಬರುತ್ತೆ" ಎಂದಳು. ಐದು ಗಾಲಿಗೆ ಐದು ನಿಂಬೆಹಣ್ಣು. ನಾನು ಗಾಡಿ ಬಿಟ್ಟೆ. ಮುಂದಿನ ಹಣ್ಣು ಚಿತ್ತಾಯಿತು, ಹಿಂದಿನ ಎರಡೂ ಆದವು. ಟ್ರೇಲರಿನ ಗಾಲಿ ಹಣ್ಣು ಹತ್ತಿ ಇಳಿದದ್ದೇ ತಡ, ಹಿಂದೆ ಧಡಾರ್ ಎಂದು ಸದ್ದಾಯಿತು. ಕಪ್ಲರಿನೊಳಗೆ ಹೂವೇ ತುಂಬಿತ್ತು. ಲ್ಯಾಚು ಗುಂಡನ್ನು ಹಿಡಿದೇ ಇರಲಿಲ್ಲ. ಟ್ರೇಲರ್ ಕಳಚಿಕೊಂಡಿತ್ತು.

ಗೇಟಿನಾಚೆಗೆ ಇಳಿಜಾರು ರಸ್ತೆ. ಕನ್ನಡಿಯಲ್ಲಿ ನೋಡುತ್ತೇನೆ, ಟ್ರೇಲರ್ ಎಲ್ಲೂ ಹೋಗಿಲ್ಲ. ಮೂತಿಯ ಕೆಳಗೆ ಕತ್ತರಿಯಂತೆ ಅಡ್ಡಡ್ಡ ಬೈಕಿಗೆ ಬಿಗಿದಿದ್ದ ಎರಡು ಚೈನುಗಳ ಮೇಲೆ ಮೂತಿ ಒರಗಿಕೊಂಡಿತ್ತು, ತೊಟ್ಟಿಲಲ್ಲಿ ಮಲಗಿದ ಹಾಗೆ. ನೆಲ ಮುಟ್ಟಿರಲಿಲ್ಲ. ನಾನು ನಿಧಾನಕ್ಕೆ ಬ್ರೇಕು ಹಿಡಿದರೆ ಅದೂ ನಿಂತಿತು. ಚೈನು ಅಡ್ಡಡ್ಡ ಯಾಕೆ ಹಾಕಬೇಕೆಂದು ನಾನು ಓದಿದ್ದೆ, ಹಾಕಿಸಿದ್ದೆ. ಕಣ್ಣಾರೆ ಕಂಡದ್ದು ಅವತ್ತು.

ಹೆಂಡತಿ ಹಣೆಗೆ ಕೈ ಹಚ್ಚಿ ನಿಂತಿದ್ದಳು. ಬೈಯೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಬಗ್ಗಿ ಚೈನು ಮುಟ್ಟಿ, "ಬಿಟ್ಟುಹೋದ್ರೂ ಬಿಡಲಿಲ್ಲ ನೋಡಿ ಇದು" ಎಂದಳು. ಅಲ್ಲಿಯವರೆಗೆ ಬೈಕಿನ ಹಿಂದಿನ ಸೀಟಿಗೆ ಬಾರೆನೆಂದವಳು ಸಂಜೆ ತಾನಾಗಿಯೇ ಹೆಲ್ಮೆಟ್ ಹಾಕಿ ನೋಡಿಕೊಂಡಳು. ಇನ್ನು ಮುಂದೆ ಹೂವೇನಿದ್ದರೂ ಹ್ಯಾಂಡಲ್ಲಿಗೆ ಮಾತ್ರ ಎಂದು ಒಪ್ಪಂದವಾಯಿತು.

ಮುಂದಿನ ಭಾನುವಾರ ಗುಂಡನ್ನು ಒರೆಸಿ, ಗ್ರೀಸು ಹಚ್ಚಿ, ಪಿನ್ನು ಹಾಕಿ, ಅವಳಿಂದ ಟ್ರೇಲರಿನ ಮೂತಿಯನ್ನು ಎತ್ತಿಸಿ, ಕಳಚುವುದಿಲ್ಲವೆಂದು ನೋಡಿ ಹೊರಟೆವು. ಅವಳು ನನ್ನ ಬೆನ್ನಿಗೆ, ಕುರ್ಚಿ ಅವಳ ಬೆನ್ನಿಗೆ. ರಸ್ತೆಯ ಉಬ್ಬುಗಳಲ್ಲಿ ಹಿಂದಿನಿಂದ ಒಂದು ಸಣ್ಣ ಎಳೆತ ಬರುತ್ತಿತ್ತು, ಮಗು ಸೆರಗು ಜಗ್ಗುವಷ್ಟು. ಲಿಮೂರಿನ ಟೀ ತೋಟಗಳ ಮೇಲೆ ಬಿಸಿಲು ಹರಡಿತ್ತು. ಮಂಜಿನ ಸುಳಿವೂ ಇರಲಿಲ್ಲ.

ಕಣಿವೆಯ ಬಳಿ ನಿಲ್ಲಿಸಿದೆ. ಅವಳು ಕುರ್ಚಿ ತೆಗೆದು ಬಿಚ್ಚಿ ಬೈಕಿಗೆ ಒತ್ತಿ ನಿಲ್ಲಿಸಿದಳು. ನಾನು ಹ್ಯಾಂಡಲ್ ಹಿಡಿದು ಒಂದು ಗಳಿಗೆ ನಿಂತು, ಕುರ್ಚಿಗೆ ಜಾರಿದೆ. ಯಾರೂ ಎತ್ತಲಿಲ್ಲ. ಗಾಲಿ ತಿರುಗಿಸಿಕೊಂಡು ಕಟ್ಟೆಯ ಕಡೆ ಹೋದೆ. ಕಟ್ಟೆ ಮುಗಿದ ಕಡೆ ಬರೀ ಕಂಬಿಯ ಬೇಲಿ ಇತ್ತು, ಅದರ ನಡುವಿನಿಂದ ಕೂತೇ ನೋಡಬಹುದಿತ್ತು.

ಕೆಳಗೆ ನೆಲವೇ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಕಣ್ಣಿಗೆ ನೆಲ ಸಿಕ್ಕಿತು. ಹೊಲಗಳು, ಎಳೆಯಷ್ಟು ರಸ್ತೆ, ಅದರ ಮೇಲೆ ಹರಿಯುವ ಚುಕ್ಕಿಗಳು ಲಾರಿಗಳೆಂದು ತಿಳಿಯಲು ಹೊತ್ತು ಹಿಡಿಯಿತು. ಆಚೆಗೆ ಬಾಯಿ ತೆರೆದು ಮಲಗಿದ ಜ್ವಾಲಾಮುಖಿ ಬೆಟ್ಟ, ಅದರ ಮೇಲೆ ಮೋಡದ ನೆರಳು ನಿಧಾನಕ್ಕೆ ಸರಿಯುತ್ತಿತ್ತು. ಭೂಮಿ ಇಲ್ಲಿ ಇವತ್ತಿಗೂ ಬಿರಿದುಕೊಳ್ಳುತ್ತಲೇ ಇದೆಯಂತೆ. ಇಷ್ಟು ದೊಡ್ಡದರ ಎದುರಿಗೆ ನಾನು ಬಂದು ಕೂತಿದ್ದೇನೆ, ಬಂದದ್ದು ನಾನೇ. ನನ್ನನ್ನು ಇಲ್ಲಿಗೆ ಮುಟ್ಟಿಸಿದ್ದು ಬೈಕು ಎಂದುಕೊಂಡಿದ್ದೆ. ಕೈ ತಾನಾಗಿ ಕುರ್ಚಿಯ ಗಾಲಿಯನ್ನು ಸವರುತ್ತಿತ್ತು.

"ನಿಂಬೆಹಣ್ಣಿದೆಯಾ?" ಎಂದು ಅವಳನ್ನು ಕೇಳಿದೆ.

"ಯಾಕೆ, ತಲೆ ಸುತ್ತುತ್ತಾ? ಮೂಸೋಕೆ ಅಂತ ಒಂದು ತಂದಿದ್ದೀನಿ ನೋಡಿ" ಎನ್ನುತ್ತ ಬ್ಯಾಗಿಗೆ ಕೈ ಹಾಕಿದಳು.

"ಗಾಲಿ ಕೆಳಗಿಡು."

"ಬೈಕಿಗೆ ಆವತ್ತೇ ಆಯ್ತಲ್ಲ ರೀ."

"ಬೈಕಿಗಲ್ಲ. ಇದಕ್ಕೆ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಕೂತು, ಹಣ್ಣನ್ನು ಕುರ್ಚಿಯ ಬಲಗಡೆಯ ಗಾಲಿಗೆ ಒತ್ತಿ ಇಟ್ಟಳು. ತನ್ನ ಹಣೆಯ ಕುಂಕುಮವನ್ನೇ ಬೆರಳಿಗೆ ತೆಗೆದು ಗಾಲಿಗೆ ಹಚ್ಚಿದಳು. ಎದ್ದವಳು ಕುರ್ಚಿಯ ಹಿಂದಿನ ಹಿಡಿಕೆಗಳನ್ನು ಹಿಡಿದಳು, ತಳ್ಳಲಿಲ್ಲ. ನಾನು ಎರಡೂ ಕೈಯಿಂದ ಗಾಲಿ ತಿರುಗಿಸಿದೆ. ಕುರ್ಚಿ ಒಂದಿಷ್ಟು ಮೇಲೆದ್ದಿತು, ಹಣ್ಣು ಪಚ್ ಎಂದಿತು, ನಾನು ಕಣಿವೆಗೆ ಇನ್ನೂ ಒಂದು ಗೇಣು ಹತ್ತಿರವಾದೆ.

"ಸಾಕು, ನಿಲ್ಲಿಸಿ ರೀ" ಎಂದಳು. "ಮುಂದೆ ಬೇಲಿ."