ಖಾಲಿ ಸಾಲು

ಗೌಂಡಿಗಳೆಲ್ಲ ದಾಂಡೇಲಿಯ ಕಾರ್ಖಾನೆ ಕಟ್ಟಲು ಹೋದ ಕಾಲದಲ್ಲಿ ನಮ್ಮ ಹೊಸ ಮನೆ ಕಟ್ಟಲು ಸಿಕ್ಕವನು ಹಳಿಯಾಳದ ಒಬ್ಬ ಮುದುಕ ಗೌಂಡಿ. ಕಲ್ಲು ಮುಟ್ಟುವ ಮೊದಲು ಪೆನ್ಸಿಲ್ ಮುಟ್ಟುತ್ತಿದ್ದ. ಬಾಗಿಲು ಎಲ್ಲಿ, ಎತ್ತು ಎಲ್ಲಿ, ಒಲೆ ಎಲ್ಲಿ ಎಂದು ಕೇಳಿ, ವಹಿಯಲ್ಲಿ ಬರೆದು, ಓದಿ ಹೇಳಿ, ಯಜಮಾನನ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ. ತಾನಾಗಿ ಏನೂ ಸೇರಿಸುತ್ತಿರಲಿಲ್ಲ. "ಇನ್ನೇನರ ಐತೇನ್ರಿ? ಗ್ವಾಡಿ ಎದ್ದ ಮ್ಯಾಲೆ ಹೇಳಬ್ಯಾಡ್ರಿ" ಎನ್ನುತ್ತಿದ್ದ.

ನಾನು ಹೊಸ ಸೊಸೆ, ಹಳೆಯ ಮನೆಯ ಬಾಗಿಲ ಹಿಂದೆ ನಿಂತಿದ್ದೆ. ಅಡುಗೆಮನೆಯ ಹೊಗೆ ಹೋಗಲು ಬೆಳಕಿಂಡಿ ಬೇಕೆಂದು ಯಾರೂ ಬರೆಸಲಿಲ್ಲ. "ಇನ್ನೇನರ ಐತೇನ್ರಿ?" ಎಂದು ಗೌಂಡಿ ಎರಡು ಸಲ ಮಾವನನ್ನು ಕೇಳಿದ. ಮೂರನೆಯ ಸಲ ಬಾಗಿಲ ಕಡೆ ತಿರುಗಿ ಕೇಳಿ, ಪೆನ್ಸಿಲ್ ಎತ್ತಿ ಹಿಡಿದು ಕಾದ.

"ಒಲಿ ಊದೋರನ್ನ ಏನ್ ಕೇಳ್ತಿಯೋ? ತಾ ಇಲ್ಲೆ" ಎಂದು ಮಾವ ಹೆಬ್ಬೆಟ್ಟು ಒತ್ತಿದ. ಹಿರಿಯರ ಮುಂದೆ ಸೊಸೆ ಮಾತಾಡುವ ರೂಢಿ ಇರಲಿಲ್ಲ.

ಮಳೆಗಾಲ ಬಂತು. ಹಸಿ ಕಟ್ಟಿಗೆಯ ಹೊಗೆ ಮನೆಯೊಳಗೇ ತುಂಬಿ ಅತ್ತೆಗೆ ಕೆಮ್ಮು ಹತ್ತಿತು. ಮಾವ ಗೌಂಡಿಯನ್ನು ಕರೆಸಿ ಬೈದ: "ಬೆಳಕಿಂಡಿ ಬಿಡಬೇಕಂತ ನಿನಗ ತಿಳಿಯಂಗಿಲ್ಲೇನಲೇ?"

ಗೌಂಡಿ ವಹಿ ತೆರೆದು ತೋರಿಸಿದ. ಬರೆದದ್ದಕ್ಕೂ ಹೆಬ್ಬೆಟ್ಟಿಗೂ ನಡುವೆ ಒಂದು ಸಾಲು ಖಾಲಿ ಇತ್ತು.

"ಜಾಗಾ ಬಿಟ್ಟಿದ್ನಿರಿ, ಯಾರೂ ಹೇಳಲಿಲ್ಲ. ಈಗ ಹೇಳ್ರಿ, ಒಡದ ಕೊಡತೇನಿ."

"ಹೊಸಾ ಗ್ವಾಡಿ ಒಡಿಸಿ ಊರಾಗ ನಗಿಸ್ಕೊಳ್ಲೇನು?"

ಗೌಂಡಿ ಮತ್ತೆ ಬಾಗಿಲ ಕಡೆ ತಿರುಗಿದ. "ನೀವರ ಹೇಳ್ರಿ, ಯವ್ವಾ."

ಒಳಗೆ ಅತ್ತೆ ಕೆಮ್ಮುತ್ತಿದ್ದಳು. ನಾನು ಬಾಯಿ ತೆರೆಯಲಿಲ್ಲ. ಅವನು ವಹಿ ಮುಚ್ಚಿಕೊಂಡು ಹೋದ.

ಇನ್ನೊಂದು ಮಳೆಗಾಲ ಕೆಮ್ಮಿ ಅತ್ತೆ ಸತ್ತಳು. ಗೌಂಡಿ ಕೇಳಲಿಲ್ಲ ಎಂದು ಮಾತ್ರ ನಾನು ಹೇಳಲಾರೆ.